ತಾಯಿ ಕಾರ್ಡಿನಲ್ಲಿ ಸಹಿ ಇದೆ, ಲೆಕ್ಕ ಇಲ್ಲ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ನಾಡಿನ ಮನೆಮನೆಗೂ ಮುಟ್ಟಿತು. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಅದರ ಬಳಕೆಗೆ ತಡೆ ಬಿತ್ತು, ಸದನದಲ್ಲಿ ಗದ್ದಲವಾಯಿತು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ವರದಿಯಾದ 464 ತಾಯಂದಿರ ಸಾವುಗಳ ಪರಿಶೋಧನೆ ಮಾಡಿಸಿತು. ಅವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಆ ವರದಿ ಹೇಳಿತು.

ದ್ರಾವಣದ ಸುದ್ದಿಯನ್ನು ಎಲ್ಲರೂ ಓದಿದರು. ಈ ಎರಡನೆಯ ಮಾತು ಅಷ್ಟಾಗಿ ಚರ್ಚೆಯಾಗಲಿಲ್ಲ. ಔಷಧಿ ಕೆಟ್ಟಿದ್ದರೆ ತಪ್ಪು ಬೇರೆಯವರದು, ಶಿಕ್ಷೆಯೂ ಅವರಿಗೆ. ಆದರೆ ತಪ್ಪಿಸಬಹುದಾಗಿದ್ದ ಸಾವು ಎಂದರೆ ಅದರಲ್ಲಿ ಆಸ್ಪತ್ರೆಯ ಪಾಲಿದೆ, ಸರ್ಕಾರದ ಪಾಲಿದೆ, ಮನೆಯವರ ಪಾಲೂ ಇದೆ. ಕೆಲಸ ಕೊಡುವ ಮಾಲೀಕರ ಪಾಲೂ ಇದೆ. ನಮ್ಮ ಸಮಾಜದಲ್ಲಿ ಹೆಚ್ಚಿನವರು ವ್ಯಾಪಾರಸ್ಥರು, ನಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳೂ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಆರೋಗ್ಯ ಇಲಾಖೆಯ ತಲೆನೋವು ಎಂದು ಬದಿಗಿಡಲು ಬರುವುದಿಲ್ಲ.

ನಮ್ಮ ಐದು ಊರುಗಳು

ಈ ಲೇಖನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಲಿನ ಪ್ರದೇಶವನ್ನು ಕುರಿತದ್ದು. ಮಳಖೇಡದ ನೇಮಿನಾಥ ಬಸದಿಯ ದರ್ಶನಕ್ಕೆ ಬಂದು ಹೋದವರಿಗೆ ಈ ದಾರಿಗಳ ಪರಿಚಯ ಇರುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ. ಇಂದು ಇಲ್ಲಿ ಕಾಣುವುದು ಸುಣ್ಣದ ಕಲ್ಲು ಮತ್ತು ಸಿಮೆಂಟ್. ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳಿವೆ. ನಾವು ಪರ್ಸಿ ಎನ್ನುವ, ದೇಶಕ್ಕೆಲ್ಲ ಶಹಾಬಾದ್ ಕಲ್ಲು ಎಂದು ಹೆಸರಾದ ಹಾಸುಗಲ್ಲಿನ ಗಣಿಗಳಿವೆ. ಹೊಲದಲ್ಲಿ ತೊಗರಿ. ಚಿಂಚೋಳಿ ಕಡೆ ಕಾಡು, ಗುಡ್ಡ, ಲಂಬಾಣಿ ತಾಂಡಾಗಳು.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿನಲ್ಲೇ ಇತ್ತು, ಪ್ರತ್ಯೇಕ ತಾಲ್ಲೂಕಾದದ್ದು ಆಮೇಲೆ. ಅಂದಿನಿಂದ ಸಂವಿಧಾನದ 371(ಜೆ) ಬಂತು, ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು, ಮಂಡಳಿಯ ಅನುದಾನ ಬಂತು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಇಎಸ್‌ಐ ವೈದ್ಯಕೀಯ ಕಾಲೇಜು ಎರಡೂ ಇವೆ. ಕಟ್ಟಡಗಳ ಲೆಕ್ಕದಲ್ಲಿ ನಾವು ಇಪ್ಪತ್ತು ವರ್ಷಗಳ ಹಿಂದಿನ ಸ್ಥಿತಿಯಲ್ಲಿ ಇಲ್ಲ.

ಹೆರಿಗೆಯ ಜಾಗ ಬದಲಾಯಿತು

ಆಗಿರುವ ಪ್ರಗತಿಯನ್ನು ಮೊದಲು ಒಪ್ಪಬೇಕು. ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬುದನ್ನು ತಾಯಂದಿರ ಮರಣ ಪ್ರಮಾಣ ಎನ್ನುತ್ತಾರೆ. ಕರ್ನಾಟಕದಲ್ಲಿ ಇದು 2001-03ರಲ್ಲಿ 228 ಇತ್ತು, 2018-20ಕ್ಕೆ 69ಕ್ಕೆ ಇಳಿಯಿತು. ಸಣ್ಣ ಸಾಧನೆ ಅಲ್ಲ. ಆದರೆ ಅದೇ 2018-20ರಲ್ಲಿ ಕೇರಳದ ಪ್ರಮಾಣ 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಹೆಚ್ಚು ತಾಯಂದಿರು ಸಾಯುತ್ತಿದ್ದದ್ದು ನಮ್ಮಲ್ಲೇ. ಸೇಡಂ, ಚಿಂಚೋಳಿಯಿಂದ ತೆಲಂಗಾಣದ ತಾಂಡೂರು ಹತ್ತಿರ. ಮಣ್ಣು ಒಂದೇ, ತೊಗರಿ ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಬೇಕಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸೂಲಗಿತ್ತಿಯನ್ನು ಕರೆಯುವ ಕಾಲ ಹೆಚ್ಚುಕಡಿಮೆ ಮುಗಿಯಿತು. 108 ಆಂಬ್ಯುಲೆನ್ಸ್, ಆಶಾ ಕಾರ್ಯಕರ್ತೆಯರು, ಜನನಿ ಸುರಕ್ಷಾ ಯೋಜನೆ, 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಇವೆಲ್ಲ ಸೇರಿ ಈ ಕೆಲಸ ಮಾಡಿವೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲು ಇದೆ. ಗರ್ಭಿಣಿಯಾಗಿದ್ದಾಗ ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಸುಮಾರು 71 ಮಾತ್ರ. ಅದಕ್ಕೂ ಹಿಂದಿನ 2015-16ರ ಸಮೀಕ್ಷೆಯಲ್ಲೂ ಈ ಅಂಕಿ 70ರ ಹತ್ತಿರವೇ ಇತ್ತು. ನೂರು ದಿನ ಕಬ್ಬಿಣಾಂಶದ ಮಾತ್ರೆ ನುಂಗಿದವರು ಅರ್ಧಕ್ಕಿಂತ ಕಡಿಮೆ. ರಕ್ತಹೀನತೆ ಇರುವ ಗರ್ಭಿಣಿಯರು ನೂರಕ್ಕೆ ಸುಮಾರು 45, ಎರಡೂ ಸಮೀಕ್ಷೆಗಳಲ್ಲಿ ಅಷ್ಟೇ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು. ಆಸ್ಪತ್ರೆಗೆ ಬರುವ ತಾಯಿಯ ಮೈಯಲ್ಲಿನ ರಕ್ತ ಮಾತ್ರ ಹೆಚ್ಚಲಿಲ್ಲ. ಇವು ಇಡೀ ರಾಜ್ಯದ ಸರಾಸರಿ. ಮೈಸೂರು, ಮಂಗಳೂರು, ಬೆಂಗಳೂರು ಎಲ್ಲ ಅದರಲ್ಲಿ ಸೇರಿವೆ.

ಹೆರಿಗೆಯ ವೇಳೆ ಸ್ವಲ್ಪ ರಕ್ತ ಹೋಗುವುದು ಸಹಜ. ಹಿಮೋಗ್ಲೋಬಿನ್ 11ಕ್ಕಿಂತ ಹೆಚ್ಚಿರುವ ತಾಯಿ ಅದನ್ನು ತಡೆದುಕೊಳ್ಳುತ್ತಾಳೆ. 7ಕ್ಕಿಂತ ಕಡಿಮೆ ಇದ್ದವಳಿಗೆ ಅಷ್ಟೇ ರಕ್ತಸ್ರಾವ ಪ್ರಾಣಕ್ಕೆ ಬರುತ್ತದೆ. ಕೊನೆಯ ಗಳಿಗೆಯಲ್ಲಿ ಎಷ್ಟು ದೊಡ್ಡ ಆಸ್ಪತ್ರೆಗೆ ಒಯ್ದರೂ ಏಳು ತಿಂಗಳ ಕೊರತೆಯನ್ನು ಒಂದು ರಾತ್ರಿಯಲ್ಲಿ ತುಂಬುವುದು ಕಷ್ಟ.

ನಾಲ್ಕು ಭೇಟಿ ಯಾತಕ್ಕೆ

ಸರ್ಕಾರದ ನಿಯಮದ ಪ್ರಕಾರ ಕನಿಷ್ಠ ನಾಲ್ಕು ತಪಾಸಣೆ ಆಗಬೇಕು. ಮೊದಲನೆಯದು 12 ವಾರದೊಳಗೆ, ಎರಡನೆಯದು 14ರಿಂದ 26 ವಾರದ ನಡುವೆ, ಮೂರನೆಯದು 28ರಿಂದ 34 ವಾರದಲ್ಲಿ, ನಾಲ್ಕನೆಯದು 36 ವಾರದ ನಂತರ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಭೇಟಿ ಬೇಕು ಎಂದಿತು. ನಾಲ್ಕು ಎಂಬುದು ಕೆಳಗಿನ ಮಿತಿ.

ಪ್ರತಿ ಭೇಟಿಗೂ ಬೇರೆ ಕೆಲಸ ಇದೆ. ಮೊದಲ ಭೇಟಿಯಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಹಿಂದಿನ ಹೆರಿಗೆಗಳ ವಿವರ ತಿಳಿಯಬೇಕು. ಆಗ ರಕ್ತ ಕಡಿಮೆ ಇದೆ ಎಂದು ಗೊತ್ತಾದರೆ ಸರಿಪಡಿಸಲು ಆರು ತಿಂಗಳು ಸಮಯ ಇರುತ್ತದೆ. ನಾಲ್ಕನೆಯ ತಿಂಗಳಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ, ದಿನಕ್ಕೊಂದರಂತೆ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಮಾತ್ರೆಯಿಂದ ಏರದಿದ್ದರೆ ನರದ ಮೂಲಕ ಕಬ್ಬಿಣಾಂಶ ಕೊಡುವ ಚಿಕಿತ್ಸೆ ಇದೆ, ಅದಕ್ಕೂ ವಾರಗಳು ಬೇಕು. 24ರಿಂದ 28 ವಾರದ ನಡುವೆ ಸಕ್ಕರೆ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಕೊನೆಯ ಮೂರು ತಿಂಗಳಲ್ಲಿ ಮುಖ್ಯವಾದದ್ದು ಬಿಪಿ. ಗರ್ಭಿಣಿಯ ಬಿಪಿ 140/90 ಮುಟ್ಟಿದರೆ ಎಚ್ಚರ ವಹಿಸಬೇಕು. ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಎದೆಯ ಕೆಳಗೆ ಹೊಟ್ಟೆನೋವು, ಇವು ಫಿಟ್ಸ್ ಬರುವ ಮುನ್ಸೂಚನೆ ಇರಬಹುದು. ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದು ಹಿರಿಯರು ಹೇಳುತ್ತಾರೆ. ಎಷ್ಟೋ ಸಲ ಅದು ನಿಜ. ಆದರೆ ಯಾವ ಊತ ಸಹಜ, ಯಾವುದು ಅಪಾಯ ಎಂದು ತೋರಿಸುವುದು ಬಿಪಿ ಯಂತ್ರ ಮತ್ತು ಮೂತ್ರ ಪರೀಕ್ಷೆ.

ನಾಲ್ಕು ಭೇಟಿ ಮಾಡಿದವರೂ ಸತ್ತ ಉದಾಹರಣೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಹೆರಿಗೆಯ ನಂತರದ ರಕ್ತಸ್ರಾವ ಯಾರಿಗೆ ಆಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ವೈದ್ಯರು, ರಕ್ತ, ಔಷಧಿ ಸಿದ್ಧವಿರಲೇಬೇಕು. ಒಂದು ಇದ್ದರೆ ಇನ್ನೊಂದು ಬೇಡ ಎಂದು ಯಾರೂ ಹೇಳುತ್ತಿಲ್ಲ.

ಸಹಿ ಮತ್ತು ಲೆಕ್ಕ

ಪ್ರತಿ ಗರ್ಭಿಣಿಗೂ ತಾಯಿ ಕಾರ್ಡ್ ಕೊಡುತ್ತಾರೆ. ವ್ಯಾಪಾರಸ್ಥರಿಗೆ ಅದು ಸುಲಭವಾಗಿ ಅರ್ಥವಾಗುವ ವಸ್ತು, ಅದೊಂದು ಖಾತೆ ಪುಸ್ತಕ. ದಿನಾಂಕ, ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಮಾತ್ರೆ ಎಷ್ಟು ಕೊಟ್ಟರು, ಎಲ್ಲಕ್ಕೂ ಕಲಂ ಇದೆ. ಸಮಾಜಸೇವೆಯ ನೆಪದಲ್ಲಿ ಆಸ್ಪತ್ರೆಗೆ ಓಡಾಡುವ ನಮ್ಮಂಥವರ ಕೈಗೆ ಈ ಕಾರ್ಡುಗಳು ಆಗಾಗ ಬರುತ್ತವೆ. ಕೆಲವು ಚೆನ್ನಾಗಿ ತುಂಬಿರುತ್ತವೆ, ಓದಿದರೆ ಆ ಹೆಣ್ಣುಮಗಳ ಒಂಬತ್ತು ತಿಂಗಳು ಕಣ್ಣಮುಂದೆ ಬರುತ್ತವೆ. ಕೆಲವುಗಳಲ್ಲಿ ನಾಲ್ಕು ದಿನಾಂಕ, ನಾಲ್ಕು ಸಹಿ ಇರುತ್ತವೆ, ನಡುವಿನ ಕಲಂಗಳು ಖಾಲಿ. ನಮ್ಮ ಹಮಾಲರೊಬ್ಬರ ಸೊಸೆಯ ಕಾರ್ಡಿನಲ್ಲಿ ಮೂರು ಭೇಟಿಗೂ ಬಿಪಿ 110/70 ಎಂದೇ ಬರೆದಿತ್ತು, ಹಿಮೋಗ್ಲೋಬಿನ್ ಒಂದೇ ಸಲ ನೋಡಿದ್ದರು. ಎಂಟನೆಯ ತಿಂಗಳಲ್ಲಿ ಬೇರೆ ಕಡೆ ತೋರಿಸಿದಾಗ ಬಿಪಿ 150 ದಾಟಿತ್ತು. ಅವಳನ್ನು ಆ ದಿನವೇ ಕಲಬುರಗಿಗೆ ಕಳಿಸಿದರು, ತಾಯಿ ಮಗು ಉಳಿದರು.

ಕಿರ್ದಿಯಲ್ಲಿ ದಿನವೂ ಬರೆದು ಸಹಿ ಹಾಕಿದರೆ ಸಾಲದು, ತಿಂಗಳ ಕೊನೆಗೆ ತಾಳೆ ನೋಡಬೇಕು. ಇಲ್ಲಿ ಭೇಟಿಯ ಎಣಿಕೆ ನಡೆಯುತ್ತಿದೆ, ತಾಳೆ ನೋಡುವುದು ನಡೆಯುತ್ತಿಲ್ಲ. ಇದಕ್ಕೆ ಕಾರಣ ಬರೀ ಸೋಮಾರಿತನ ಎಂದರೆ ಅನ್ಯಾಯವಾಗುತ್ತದೆ. ಸರ್ಕಾರ ಮೇಲಿನಿಂದ ಕೇಳುವುದೇ ಎಣಿಕೆಯನ್ನು. ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಸಿಗುವುದು ಎಣಿಕೆಯ ಮೇಲೆ. ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತು ಹೋರಾಡಿದ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯನ್ನೇ ನೋಡಿ. ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಒಳ್ಳೆಯ ಯೋಜನೆ. ಆದರೆ ಮೊದಲ ಕಂತಿಗೆ ನೋಂದಣಿ ಮತ್ತು ಒಂದು ತಪಾಸಣೆ ಆಗಿದ್ದರೆ ಸಾಕು, ಮುಂದಿನ ಕಂತು ಹೆರಿಗೆಯಾಗಿ ಮಗುವಿಗೆ ಲಸಿಕೆ ಹಾಕಿಸಿದ ಮೇಲೆ. ನಡುವಿನ ಮೂರು ಭೇಟಿಗೆ ಯಾವ ಕಂತೂ ಇಲ್ಲ. ಹಣ ಎಲ್ಲಿ ಕಟ್ಟಿರುತ್ತದೋ ಕಾಗದ ಅಲ್ಲಿಯವರೆಗೆ ಸರಿಯಾಗಿರುತ್ತದೆ.

ಭೇಟಿ ತಪ್ಪುವುದು ಎಲ್ಲಿ

ನಮ್ಮ ಭಾಗದಲ್ಲಿ ಮೂರು ಜಾಗಗಳಲ್ಲಿ ತಪಾಸಣೆ ತಪ್ಪುತ್ತದೆ.

ಮೊದಲನೆಯದು ಆರಂಭದಲ್ಲೇ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳಬಾರದು, ದೃಷ್ಟಿ ಆಗುತ್ತದೆ ಎಂಬ ನಂಬಿಕೆ ಎಲ್ಲ ಜಾತಿಗಳಲ್ಲೂ ಇದೆ, ಓದಿದ ಮನೆಗಳಲ್ಲೂ ಇದೆ. ಮೂರು ತಿಂಗಳೆಂದರೆ ಹೆಚ್ಚುಕಡಿಮೆ 12 ವಾರ. ಅಂದರೆ ಮೊದಲ ತಪಾಸಣೆಯ ಅವಧಿ ಪೂರ್ತಿ ಗುಟ್ಟಿನಲ್ಲೇ ಕಳೆದುಹೋಗುತ್ತದೆ. ನೆಂಟರಿಗೆ ಹೇಳದಿರಲಿ, ಆಶಾ ಕಾರ್ಯಕರ್ತೆಗೆ ಮತ್ತು ವೈದ್ಯರಿಗೆ ಹೇಳಿದರೆ ಯಾರ ದೃಷ್ಟಿಯೂ ತಾಗುವುದಿಲ್ಲ.

ಎರಡನೆಯದು ತವರು. ಏಳನೆಯ ತಿಂಗಳ ಹೊತ್ತಿಗೆ ಕುಬುಸ ಮಾಡಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದೊಯ್ಯುವುದು ನಮ್ಮ ಪದ್ಧತಿ. ಪದ್ಧತಿ ಒಳ್ಳೆಯದೇ, ತಾಯಿಯ ಕೈ ಊಟಕ್ಕೆ ಸಮನಾದದ್ದು ಇಲ್ಲ. ಆದರೆ ಚಿತ್ತಾಪುರದ ಸೊಸೆ ಚಿಂಚೋಳಿಯ ತವರಿಗೆ ಹೋದಾಗ ಗಂಡನ ಊರಿನ ಆಶಾ ಕಾರ್ಯಕರ್ತೆ ಅವಳು ತವರಿಗೆ ಹೋದಳು ಎಂದು ಬರೆದುಕೊಳ್ಳುತ್ತಾಳೆ. ತವರಿನ ಆಶಾ ಕಾರ್ಯಕರ್ತೆಗೆ ಅವಳು ಬಂದದ್ದು ಗೊತ್ತಾಗುವಾಗ ಒಂದು ತಿಂಗಳು ಕಳೆದಿರುತ್ತದೆ. ಬಿಪಿ ಏರುವ ಕಾಲ ಅದೇ. ಎರಡು ಕೇಂದ್ರಗಳ ನಡುವೆ ಆ ಹೆಣ್ಣುಮಗಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ತವರು ತಾಂಡೂರು ಕಡೆ ಇದ್ದರೆ ರಾಜ್ಯವೇ ಬೇರೆ. ಕಾರ್ಡ್ ಗಂಡನ ಮನೆಯ ಕಪಾಟಿನಲ್ಲಿ ಉಳಿದರಂತೂ ಅಲ್ಲಿನ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ.

ಮೂರನೆಯದು ಕೂಲಿ ಮತ್ತು ಗುಳೆ. ದೀಪಾವಳಿಯ ಹೊತ್ತಿಗೆ ಚಿಂಚೋಳಿ, ಸೇಡಂ ಕಡೆಯ ತಾಂಡಾಗಳಿಂದ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗೆ ಹೊರಡುತ್ತವೆ. ಹೊಟ್ಟೆಯಲ್ಲಿ ಮಗು ಇರುವವಳೂ ಹೊರಡುತ್ತಾಳೆ, ಬಿಟ್ಟು ಹೋದರೆ ನೋಡುವವರಿಲ್ಲ. ಊರಲ್ಲೇ ಉಳಿದವಳಿಗೆ ತೊಗರಿ ಕೊಯ್ಲು, ಪರ್ಸಿ ಗಣಿ, ದಾಲ್ ಮಿಲ್. ತಪಾಸಣೆಗೆ ಹೋದ ದಿನ ಕೂಲಿ ಇಲ್ಲ. ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ ಎಂದು ಸರ್ಕಾರ ಹೇಳುತ್ತದೆ, ಆದರೆ ಆ ದಿನದ ಕೂಲಿ ಮತ್ತು ಆಟೋ ಖರ್ಚು ಅವಳ ಕೈಯಿಂದಲೇ ಹೋಗುತ್ತದೆ.

ಇದರ ಜೊತೆಗೆ ದೂರ. ಶಹಾಬಾದ್ ಮತ್ತು ವಾಡಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿವೆ, ಚಿತ್ತಾಪುರ ಮತ್ತು ಸೇಡಂ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲೇ ಇಲ್ಲ, ಕಲಬುರಗಿ ಅಲ್ಲಿಂದ 80 ಕಿಲೋಮೀಟರಿಗೂ ಹೆಚ್ಚು. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಆ ರಾತ್ರಿ ಇಲ್ಲದಿದ್ದರೆ ರೆಫರ್ ಮಾಡುತ್ತಾರೆ, ರಕ್ತ ಹೋಗುತ್ತಿರುವ ತಾಯಿ ಅಷ್ಟು ದೂರ ಆಂಬ್ಯುಲೆನ್ಸಿನಲ್ಲಿ ಹೋಗಬೇಕು. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಕೇಳುವ ಹಕ್ಕೂ ಇದೆ, ಕೇಳಬೇಕಾದವರೂ ಹತ್ತಿರದಲ್ಲೇ ಇದ್ದಾರೆ. ವೈದ್ಯಕೀಯ ಶಿಕ್ಷಣ ಸಚಿವರಾದ ಡಾ. ಶರಣಪ್ರಕಾಶ ಪಾಟೀಲರು ಸೇಡಂ ಕ್ಷೇತ್ರದವರು, ಜಿಲ್ಲಾ ಉಸ್ತುವಾರಿ ಸಚಿವರಾದ ಪ್ರಿಯಾಂಕ್ ಖರ್ಗೆಯವರು ಚಿತ್ತಾಪುರ ಕ್ಷೇತ್ರದವರು. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಸಂಗ್ರಹ ಇರಬೇಕು ಎಂಬುದು ದೊಡ್ಡ ಬೇಡಿಕೆಯೇನೂ ಅಲ್ಲ.

ನಮ್ಮ ಮನೆಗಳಲ್ಲಿ

ನಮ್ಮ ಹೆಣ್ಣುಮಕ್ಕಳು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ, ಸ್ಕ್ಯಾನಿಂಗ್ ಎಲ್ಲ ಆಗುತ್ತದೆ, ನಮಗೆ ಈ ಸಮಸ್ಯೆ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಸ್ಕ್ಯಾನಿಂಗ್ ಮಗುವನ್ನು ತೋರಿಸುತ್ತದೆ, ತಾಯಿಯ ರಕ್ತವನ್ನು ತೋರಿಸುವುದಿಲ್ಲ. ಹಣ ಇದ್ದ ಮನೆಯಲ್ಲೂ ರಕ್ತಹೀನತೆ ಇರುತ್ತದೆ.

ಶಾಕಾಹಾರದಲ್ಲಿ ಕಬ್ಬಿಣಾಂಶ ಇದೆ. ಸೊಪ್ಪು, ಕಾಳು, ಎಳ್ಳು, ಸಜ್ಜೆ, ಖರ್ಜೂರ ಎಲ್ಲದರಲ್ಲೂ ಇದೆ. ಆದರೆ ಸಸ್ಯದಿಂದ ಬರುವ ಕಬ್ಬಿಣಾಂಶವನ್ನು ದೇಹ ಕಡಿಮೆ ಹೀರಿಕೊಳ್ಳುತ್ತದೆ. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಹೆಚ್ಚು ಹೀರುತ್ತದೆ, ಊಟದ ಹಿಂದೆಯೇ ಚಹಾ ಕುಡಿದರೆ ಇನ್ನೂ ಕಡಿಮೆ. ಚಾತುರ್ಮಾಸದಲ್ಲಿ ನಮ್ಮಲ್ಲಿ ಅನೇಕ ಮನೆಗಳಲ್ಲಿ ಸೊಪ್ಪು ಬಿಡುತ್ತಾರೆ. ಗರ್ಭಿಣಿ ಇರುವ ಮನೆಯಲ್ಲಿ ಆ ನಾಲ್ಕು ತಿಂಗಳು ಮಾತ್ರೆ ಒಂದು ದಿನವೂ ತಪ್ಪಬಾರದು. ಬಿ-12 ಜೀವಸತ್ವ ಶಾಕಾಹಾರಿಗಳಿಗೆ ಮುಖ್ಯವಾಗಿ ಹಾಲು ಮೊಸರಿನಿಂದಲೇ ಸಿಗಬೇಕು. ಅದನ್ನೂ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನೊಂದು ಸಣ್ಣ ಮಾತು, ಆದರೆ ಇದರಿಂದಲೇ ಎಷ್ಟೋ ಮನೆಗಳಲ್ಲಿ ಮಾತ್ರೆ ತಪ್ಪುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಲು ಹೇಳುತ್ತಾರೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಮ್ಮ ಹೆಣ್ಣುಮಗಳು ತಲೆಯಾಡಿಸಿ ಬರುತ್ತಾಳೆ, ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ವೈದ್ಯರಿಗೆ ಬಾಯಿಬಿಟ್ಟು ಹೇಳಿದರೆ ಮಧ್ಯಾಹ್ನದ ಊಟವಾಗಿ ಒಂದು ಗಂಟೆ ಬಿಟ್ಟು ತೆಗೆದುಕೊಳ್ಳಲು ಹೇಳುತ್ತಾರೆ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಅದರ ಜೊತೆ ಸೇರಿಸಬಾರದು, ಎರಡು ಗಂಟೆಯ ಅಂತರ ಇರಬೇಕು.

ಉಪವಾಸದ ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ಒಬ್ಬ ವ್ಯಾಪಾರಿಗೆ ಇಲ್ಲ. ಆದರೆ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪ ಒಂದು ಎಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ತಪಸ್ಸು ಶಕ್ತಿಗೆ ತಕ್ಕಂತೆ. ಎರಡು ಜೀವ ಹೊತ್ತವಳ ಶಕ್ತಿ ಎಷ್ಟು ಎಂಬುದನ್ನು ಪರ್ಯೂಷಣ, ದಶಲಕ್ಷಣದ ದಿನಗಳಲ್ಲಿ ಅತ್ತೆ ಮಾವಂದಿರೇ ಮುಂದಾಗಿ ವೈದ್ಯರನ್ನೂ ಪೂಜ್ಯ ಗುರುಗಳನ್ನೂ ಕೇಳಿ ನಿರ್ಧರಿಸಬೇಕು. ಸೊಸೆ ತಾನಾಗಿ ನನ್ನಿಂದ ಆಗದು ಎಂದು ಹೇಳುವುದು ಕಷ್ಟ. ಆ ಭಾರವನ್ನು ಅವಳ ಮೇಲೆ ಹಾಕಬಾರದು.

ಸಮಾಜ ಮಾಡಬಹುದಾದ ನಾಲ್ಕು ಕೆಲಸ

ಒಂದು, ನಾಲ್ಕು ದಿನದ ಕೂಲಿ. ನಮ್ಮ ಅಂಗಡಿ, ದಾಲ್ ಮಿಲ್, ಗೋದಾಮುಗಳಲ್ಲಿ ಆರಿಸುವ, ತುಂಬುವ, ಗುಡಿಸುವ ಕೆಲಸದ ಹೆಣ್ಣುಮಕ್ಕಳಿದ್ದಾರೆ. ಹತ್ತು ಅಥವಾ ಹೆಚ್ಚು ಕೆಲಸಗಾರರು ಇರುವಲ್ಲಿ ಹೆರಿಗೆಗೆ 26 ವಾರ ಸಂಬಳದ ರಜೆ ಕೊಡಬೇಕು ಎಂದು 2017ರ ತಿದ್ದುಪಡಿಯಿಂದ ಕಾನೂನೇ ಇದೆ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ದಿನಗೂಲಿಯವರ ಹೆಸರು ನಮ್ಮ ಪುಸ್ತಕದಲ್ಲಿ ಇರುವುದಿಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿ ಇರುತ್ತದೆ, ಅವನ ಪುಸ್ತಕ ಯಾರೂ ನೋಡುವುದಿಲ್ಲ. ಕಾನೂನು ಪಾಲಿಸುವುದು ಪಾಲಿಸಬೇಕಾದವರ ಕರ್ತವ್ಯ, ಅದರಲ್ಲಿ ಚೌಕಾಸಿ ಇಲ್ಲ. ಅದರ ವ್ಯಾಪ್ತಿಗೆ ಬಾರದ ಸಣ್ಣ ಅಂಗಡಿಯವರೂ ನಾಲ್ಕು ತಪಾಸಣೆಯ ನಾಲ್ಕು ದಿನದ ಕೂಲಿ ಕೊಡಬಹುದು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ದಿನಾಂಕ ಮೊದಲೇ ಗೊತ್ತಿರುವುದರಿಂದ ಬದಲಿ ವ್ಯವಸ್ಥೆ ಸುಲಭ. ಒಂದು ಸ್ವಾಮಿವಾತ್ಸಲ್ಯದ ಖರ್ಚಿನಲ್ಲಿ ಎಷ್ಟು ಜನರ ನಾಲ್ಕು ದಿನದ ಕೂಲಿ ಆಗುತ್ತದೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ.

ಎರಡು, ಕಾರ್ಡ್ ಓದುವುದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸಾಕ್ಷರತೆ ನೂರಕ್ಕೆ 55ರಷ್ಟಿತ್ತು. ಕಾರ್ಡಿನಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದಿಲ್ಲ. ನಮ್ಮ ಮಹಿಳಾ ಮಂಡಳಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಕೊರತೆ ಇಲ್ಲ. ಪ್ರತಿ ಊರಿನಲ್ಲಿ ಇಬ್ಬರು ತಿಂಗಳ 9ರಂದು ಆಸ್ಪತ್ರೆಗೆ ಹೋಗಿ ಕುಳಿತರೆ ಸಾಕು. ಜಗಳ ಆಡಬೇಕಿಲ್ಲ. ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ, ಈ ನಾಲ್ಕು ಕಲಂ ತುಂಬಿದೆಯೇ ಎಂದು ನೋಡಿ, ಖಾಲಿ ಇದ್ದರೆ ತಾಯಿ, ಇದನ್ನೂ ಬರೆಸಿಕೊಂಡು ಹೋಗಿ ಎಂದು ಹೇಳಿದರೆ ಸಾಕು. ನೋಡುವವರಿದ್ದಾರೆ ಎಂದು ಗೊತ್ತಾದರೆ ಬರೆಯುವವರೂ ಬರೆಯುತ್ತಾರೆ, ಇದು ವ್ಯಾಪಾರದಲ್ಲಿ ನಾವು ಕಂಡ ಸತ್ಯವೇ.

ಮೂರು, ರಕ್ತ. ನಮ್ಮ ಯುವಕ ಮಂಡಳಗಳು ಮಹಾವೀರ ಜಯಂತಿಗೋ ಬೇರೆ ಸಂದರ್ಭಕ್ಕೋ ರಕ್ತದಾನ ಶಿಬಿರ ನಡೆಸುತ್ತವೆ. ಪ್ರಶಂಸನೀಯ. ಆದರೆ ಸಂಗ್ರಹಿಸಿದ ರಕ್ತದ ಬಾಳಿಕೆ 35ರಿಂದ 42 ದಿನ. ಏಪ್ರಿಲ್‌ನಲ್ಲಿ ಕೊಟ್ಟ ರಕ್ತ ಆಗಸ್ಟ್‌ನ ಬಾಣಂತಿಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ನೂರು ಜನ ಕೊಡುವ ಬದಲು ನಾಲ್ಕು ಗುಂಪಾಗಿ ಮೂರು ತಿಂಗಳಿಗೊಮ್ಮೆ ಕೊಡಬಹುದು. ಅದರ ಜೊತೆಗೆ ರಕ್ತದ ಗುಂಪಿನ ಪ್ರಕಾರ ದಾನಿಗಳ ಫೋನ್ ಪಟ್ಟಿಯನ್ನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಕೊಟ್ಟರೆ ಇನ್ನೂ ಉಪಯೋಗ. ನೆಗೆಟಿವ್ ಗುಂಪಿನವರ ಪಟ್ಟಿ ಮೊದಲು ಮಾಡಬೇಕು.

ನಾಲ್ಕು, ತವರಿಗೆ ಹೋಗುವಾಗ ಕಾರ್ಡ್ ಜೊತೆಗೆ ಹೋಗಬೇಕು. ಕುಬುಸದ ದಿನ ಉಡಿ ತುಂಬುವಾಗ ತಾಯಿ ಕಾರ್ಡನ್ನೂ ಎಲ್ಲರೆದುರು ತವರಿನವರ ಕೈಗೆ ಕೊಡುವ ರೂಢಿ ನಮ್ಮ ಮನೆಗಳಿಂದಲೇ ಶುರುವಾಗಲಿ. ಮುಂದಿನ ತಪಾಸಣೆ ಯಾವ ದಿನ, ಎಲ್ಲಿ, ರಾತ್ರಿ ತೊಂದರೆಯಾದರೆ ಯಾವ ಆಸ್ಪತ್ರೆ ಎಂದು ಬೀಗರಿಬ್ಬರೂ ಅಲ್ಲೇ ಕುಳಿತು ಮಾತಾಡಿಕೊಳ್ಳಲಿ. ಮುಹೂರ್ತಕ್ಕೆ ಅಷ್ಟು ಚರ್ಚೆ ಮಾಡುವ ನಾವು ಇದಕ್ಕೆ ಹತ್ತು ನಿಮಿಷ ಕೊಡಬಹುದು. ತವರಿಗೆ ಬಂದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧ ದಾನ ಎಂದರೆ ಮಾತ್ರೆ ಹಂಚುವುದು ಎಂದು ನಾವು ಶಿಬಿರಗಳಲ್ಲಿ ನಡೆದುಕೊಳ್ಳುತ್ತೇವೆ. ಈಗ ಮಾತ್ರೆ ಸರ್ಕಾರವೇ ಕೊಡುತ್ತದೆ, ತಪಾಸಣೆಯೂ ಉಚಿತ. ಅದನ್ನು ಪಡೆಯಲು ಬೇಕಾದ ಒಂದು ದಿನ, ಒಂದು ಸವಾರಿ, ಕಾರ್ಡ್ ಓದಿ ಹೇಳುವ ಒಬ್ಬರು, ಇಷ್ಟು ಬಾಕಿ ಉಳಿದಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಕಡೆ ನಮ್ಮ ಅಂಗಡಿಗಳಿವೆ, ನಮ್ಮ ಮನೆಗಳಿವೆ. ಬೇರೆ ಜಿಲ್ಲೆಗಳ ಸಮಾಜ ಬಾಂಧವರೂ ತಮ್ಮ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಮಾಡಬಹುದು. ಬರುವ ತಿಂಗಳ 9ರಂದು ನಿಮ್ಮಲ್ಲಿ ಕೆಲಸಕ್ಕೆ ಬರುವ ಯಾರಾದರೂ ಗರ್ಭಿಣಿ ಇದ್ದರೆ ಅವಳನ್ನು ಕೂಲಿ ಕೊಟ್ಟು ಆಸ್ಪತ್ರೆಗೆ ಕಳಿಸಿ. ಮರುದಿನ ಬಂದಾಗ ನಿಮ್ಮ ಮನೆಯ ಹೆಣ್ಣುಮಕ್ಕಳು ಅವಳ ಕಾರ್ಡ್ ಕೇಳಿ ನೋಡಲಿ.